ಗಾಡಿ ಸರಕಾರದ್ದು, ರಕ್ತ ಯಾರದ್ದು?

108ರ ಆಂಬುಲೆನ್ಸ್ ಸೇವೆ ಹುಟ್ಟಿದ್ದು ನಮ್ಮ ಈ ಅವಳಿ ನಗರದಲ್ಲೇ. 2005ರ ಆಗಸ್ಟ್ 15ರಂದು ಖಾಸಗಿಯವರ ದಾನದಿಂದ ಆರಂಭವಾಗಿ, 2008ರ ನವೆಂಬರಿನಲ್ಲಿ ಕರ್ನಾಟಕಕ್ಕೂ ಹಬ್ಬಿತು. ಈಗ ನಡೆಯುವುದು ಸರಕಾರದ ಹಣದಿಂದ. ಬಿಲ್ಲು ಬರೆಯುವ ಗುಮಾಸ್ತನಾದ ನನಗೆ ಇದು ಸಮಾಧಾನವೇ: ದಾನಿಯ ಮನಸ್ಸು ಬದಲಾದೀತು, ಬಜೆಟ್ಟಿನ ಬಾಬು ಅಷ್ಟು ಸುಲಭವಾಗಿ ಅಳಿಯದು.

ರಕ್ತಕ್ಕೆ ಮಾತ್ರ ಅಂಥ ಬಾಬಿಲ್ಲ. ಸುಪ್ರೀಂ ಕೋರ್ಟಿನ ಆಜ್ಞೆಯಂತೆ, ಹಣಕ್ಕಾಗಿ ರಕ್ತ ಕೊಡುವವರಿಂದ ಅದನ್ನು ಪಡೆಯುವುದು 1998ರ ಜನವರಿ 1ರಿಂದ ನಿಂತಿತು. ಯಾರಾದರೂ ತಾವಾಗಿ ತೋಳು ಚಾಚಬೇಕು.

ಹೋದ ವರ್ಷ ನನ್ನ ತಂಗಿಯ ಹೆರಿಗೆಯ ರಾತ್ರಿ 108ರ ಗಾಡಿ ಬಂತು, ಕಾಸು ಕೇಳಲಿಲ್ಲ. ಆಸ್ಪತ್ರೆಯಲ್ಲಿ ಎರಡು ಬಾಟಲಿ ರಕ್ತ ಬೇಕೆಂದರು. ನಾನು ಕೊಟ್ಟು ಎರಡೇ ತಿಂಗಳಾಗಿತ್ತು. ಗಂಡಸರು ಮೂರು ತಿಂಗಳು ಕಾಯಬೇಕು. ಅವಳ ಗಂಡ ಊರಲ್ಲಿರಲಿಲ್ಲ. ಬೇರೊಬ್ಬ ರೋಗಿಯ ಜೊತೆ ಬಂದಿದ್ದ, ಮೊಂಡಾ ಮಾರ್ಕೆಟ್ಟಿನಲ್ಲಿ ಮೂಟೆ ಹೊರುವ ಇಬ್ಬರು ಹುಡುಗರು ಎದ್ದುಬಂದರು. ಆಮೇಲೆ ಕಾಫಿಗೆ ಕರೆದರೆ, ಕೆಲಸಕ್ಕೆ ಹೊತ್ತಾಯಿತೆಂದು ಹೊರಟೇಬಿಟ್ಟರು. ತಾಯಿ, ಮಗು ಸುಖವಾಗಿದ್ದಾರೆ.

ನಮ್ಮ ಸಂಘದ ಸದಸ್ಯರ ಪಟ್ಟಿಯಲ್ಲಿ ವಿಳಾಸವುಂಟು, ಚಂದಾ ಬಾಕಿಯುಂಟು. ರಕ್ತದ ಗುಂಪಿನ ಕಲಮು ಮಾತ್ರ ಇಲ್ಲ. ಕಾರ್ಯದರ್ಶಿಗಳಿಗೆ ಬರೆದುಕೊಟ್ಟಿದ್ದೇನೆ. ನನ್ನದು ಓ ಪಾಸಿಟಿವ್.