ಅಜ್ಜನ ಮನೆಯ ನುಡಿ

ನನ್ನ ಕಪಾಟಿನಲ್ಲಿ ನಾರ್ವೆಯ ನಾಟಕಕಾರ ಇಬ್ಸೆನ್ನನ, ರಟ್ಟು ಕಳಚಿದ ಸಂಪುಟವೊಂದುಂಟು. ಅದನ್ನು ತೆರೆದಾಗಲೆಲ್ಲ ನಾಟಕಕಾರನಿಗಿಂತ ಮೊದಲು ನೆನಪಿಗೆ ಬರುವವನು, ಅದನ್ನು ಇಂಗ್ಲಿಷಿಗೆ ತಂದ ವಿಲಿಯಂ ಆರ್ಚರ್.

1856ರಲ್ಲಿ ಸ್ಕಾಟ್ಲೆಂಡಿನ ಪರ್ತ್ ಪಟ್ಟಣದಲ್ಲಿ ಜನಿಸಿದ ಈ ವಿಮರ್ಶಕನ ಅಜ್ಜನ ಮನೆತನವು ನಾರ್ವೆಯ ಲಾರ್ವಿಕ್ ಎಂಬ ಕಡಲತಡಿಯ ಊರಿನಲ್ಲಿ ನೆಲಸಿದ್ದಿತಾಗಿ, ಬಾಲ್ಯದಲ್ಲಿಯೇ ಆ ನಾಡಿನ ನುಡಿ ಇವನಿಗೆ ವ್ಯಾಕರಣದ ಹಂಗಿಲ್ಲದೆ ಒಲಿಯಿತು. ನಿಘಂಟಿನಿಂದ ಬಂದ ಭಾಷೆಗೂ ಊಟದ ಪಂಕ್ತಿಯಲ್ಲಿ ಕಿವಿಗೆ ಬಿದ್ದ ಭಾಷೆಗೂ ಇರುವ ಅಂತರವನ್ನು ಬಲ್ಲವರು ಮುಂದಿನ ಕಥೆಯ ಅರ್ಧವನ್ನು ಇಲ್ಲಿಯೇ ಊಹಿಸಿಕೊಳ್ಳಬಹುದು.

1880ರಲ್ಲಿ ಲಂಡನ್ನಿನ ಗೇಯಟಿ ರಂಗಮಂದಿರದಲ್ಲಿ ಆರ್ಚರನು ಅಳವಡಿಸಿದ ಇಬ್ಸೆನ್ ನಾಟಕವೊಂದು ಒಂದೇ ಒಂದು ಮಧ್ಯಾಹ್ನ ಆಡಲ್ಪಟ್ಟು ಮರೆಯಾಯಿತು. ಮರುವರ್ಷ ರೋಮಿನ ಸ್ಕ್ಯಾಂಡಿನೇವಿಯನ್ ಕ್ಲಬ್ಬಿನಲ್ಲಿ ಅವನು ನಾಟಕಕಾರನನ್ನು ಪ್ರತ್ಯಕ್ಷ ಕಂಡನು: ಗಿಡ್ಡ ಆಕೃತಿ, ಅಗಲ ಭುಜ, ಸಿಂಹದಂತಹ ದೊಡ್ಡ ತಲೆ, ಉದ್ದನೆಯ ಕಪ್ಪು ಕೋಟು, ಅದರ ಮೇಲೆ ಎದ್ದು ಕಾಣುವ ಕೆಂಪು ಪಟ್ಟಿಯ ಗಂಟು. ಸಮಾಜದ ಡಂಭವನ್ನೆಲ್ಲ ಬಯಲಿಗೆಳೆದ ಮಹಾನುಭಾವನಿಗೆ ಬಿರುದಿನ ಪಟ್ಟಿಯ ಮೇಲಿದ್ದ ಈ ಮೋಹವನ್ನು ಗೆಳೆಯನು ಮರೆಮಾಚದೆ ಬರೆದಿಟ್ಟನಲ್ಲ, ಅದೇ ನನಗೆ ಪ್ರಿಯ. ಭಕ್ತನಾಗಿದ್ದರೆ ಅದು ಅವನ ಕಣ್ಣಿಗೇ ಬೀಳುತ್ತಿರಲಿಲ್ಲ.

ಸ್ನೇಹದ ನಿಜವಾದ ಪರೀಕ್ಷೆ ನಡೆದುದು 1891ರಲ್ಲಿ. ಸರ್ಕಾರಿ ಪರವಾನಗಿಯ ತೊಡಕನ್ನು ತಪ್ಪಿಸಲು ಚಂದಾದಾರರಿಗೆ ಮಾತ್ರ ಎಂದು ಆಡಿದ ಇಬ್ಸೆನ್ನನ ‘ಗೋಸ್ಟ್ಸ್’ ನಾಟಕವನ್ನು ಲಂಡನ್ನಿನ ಪತ್ರಿಕೆಗಳು ಚರಂಡಿಗೆ, ಕೊಳೆತ ಹುಣ್ಣಿಗೆ ಹೋಲಿಸಿ ಕಾರಿದುವು. ಆರ್ಚರನು ವಾದಕ್ಕಿಳಿಯಲಿಲ್ಲ, ಆ ಬೈಗುಳಗಳನ್ನೆಲ್ಲ ಆಯ್ದು, ಒಂದರ ಪಕ್ಕಕ್ಕೆ ಒಂದನ್ನು ಜೋಡಿಸಿ, ಪತ್ರಿಕೆಯಲ್ಲಿಯೇ ಅಚ್ಚು ಹಾಕಿಸಿಬಿಟ್ಟನು. ಬೈದವರ ಮಾತೇ ಬೈದವರಿಗೆ ಕನ್ನಡಿಯಾಯಿತು.

ಅವನ ಅನುವಾದದ ಇಂಗ್ಲಿಷು ಅಲ್ಲಲ್ಲಿ ಗಂಜಿ ಹಾಕಿದ ಬಟ್ಟೆಯಂತೆ ಬಿಗಿಯಾಗಿರುವುದು ನಿಜ. ಆದರೆ ನಾಟಕಕಾರ ಬರ್ನಾರ್ಡ್ ಶಾ ಇಬ್ಸೆನ್ನನ ‘ಪೀರ್ ಗಿಂಟ್’ ನಾಟಕವನ್ನು ಮೊದಲು ಅರಿತದ್ದು ಅಚ್ಚಿನಿಂದಲ್ಲ, ಆರ್ಚರನ ಬಾಯಿಂದ: ಕಣ್ಣೆದುರು ನಾರ್ವೆಯ ಪುಟ, ನಾಲಗೆಯ ಮೇಲೆ ಆಗಿಂದಾಗಲೇ ಇಂಗ್ಲಿಷು. ನಮ್ಮಲ್ಲಿ ಭಾರತ ವಾಚನಕ್ಕೆ ಗಮಕಿಯೊಬ್ಬ, ವ್ಯಾಖ್ಯಾನಕಾರನೊಬ್ಬ ಬೇಕು. ಅಲ್ಲಿ ಎರಡೂ ಅವನೊಬ್ಬನೇ. ಇಂಗ್ಲೆಂಡಿನ ನೆಲವನ್ನು ಒಮ್ಮೆಯೂ ತುಳಿಯದ ಇಬ್ಸೆನ್ನನು ಲಂಡನ್ನಿನ ಕೋಣೆಯೊಂದನ್ನು ಹೊಕ್ಕದ್ದು ಹಾಗೆ, ಗೆಳೆಯನ ಕಂಠದಲ್ಲಿ.