ಕುರಿಗೆ ಇರುವ ರಿಯಾಯಿತಿ ಬಾಣಂತಿಗೆ ಯಾಕಿಲ್ಲ?

ಮರಿ ಹಾಕಿದ ಕುರಿ ತನ್ನ ಮರಿಯನ್ನೇ ಹತ್ತಿರ ಸೇರಿಸುತ್ತಿಲ್ಲ ಅಂದರೆ ಮಳವಳ್ಳಿ ಕಡೆ ಯಾರೂ ಆ ಕುರಿಯನ್ನು ಬೈಯುವುದಿಲ್ಲ. ಬಂಡೂರು ಕುರಿಯ ತವರು ಈ ತಾಲ್ಲೂಕೇ. ಇಲ್ಲಿ ಕುರಿ ಸಾಕುವವರು, "ಚೊಚ್ಚಲು ಕಣಣ್ಣ, ಅದಕ್ಕಿನ್ನೂ ಗೊತ್ತಾಗಿಲ್ಲ" ಅನ್ನುತ್ತಾರೆ. ಕುರಿಯನ್ನು ಕಟ್ಟಿ ಹಾಕಿ, ಮರಿಯನ್ನು ಮೊಲೆಗೆ ಬಿಡುತ್ತಾರೆ. ಮುಂದೆ ಮೇವು ಹಾಕುತ್ತಾರೆ. ಗದ್ದಲ ಮಾಡುವ ಮಕ್ಕಳನ್ನು ಆಚೆ ಅಟ್ಟುತ್ತಾರೆ. ಎರಡು ಮೂರು ದಿನ ಕಾಯುತ್ತಾರೆ.

ಅದೇ ಹೆತ್ತ ಹೆಂಗಸು ಮಗುವನ್ನು ಎತ್ತಿಕೊಳ್ಳದೆ ಗೋಡೆ ಕಡೆ ತಿರುಗಿ ಮಲಗಿದರೆ? "ಇವಳೂ ಒಬ್ಬ ತಾಯಿನಾ" ಅನ್ನುವ ಮಾತು ಅದೇ ದಿನ ಬೀದಿಗೆ ಬರುತ್ತದೆ. ಇಲ್ಲವಾದರೆ ಗಾಳಿ ಸೋಕಿದೆ ಅನ್ನುತ್ತಾರೆ, ತಾಯತ ಕಟ್ಟಿಸುತ್ತಾರೆ. ಗುತ್ತಲಿನಲ್ಲಿ ಮನೆ ಮಾಡಿಕೊಂಡು ಮಂಡ್ಯ, ಮದ್ದೂರು, ಮಳವಳ್ಳಿ ಸುತ್ತಿ ಸುದ್ದಿ ಕಳಿಸುವ ನಾವು ಈ ಮಾತನ್ನು ಎಷ್ಟೋ ಜಗಲಿಗಳ ಮೇಲೆ ಕೇಳಿದ್ದೇವೆ. ಕುರಿಯ ವಿಷಯದಲ್ಲಿ ನಮ್ಮವರಿಗೆ ಇರುವ ತಿಳಿವಳಿಕೆಯೇ ಸರಿ ಎಂದು ವಿಜ್ಞಾನ ಹೇಳುತ್ತಿದೆ. ಅದನ್ನೇ ಇವತ್ತು ಬರೆಯುತ್ತಿದ್ದೇವೆ.

ಕುರಿಗೆ ಮರಿಯ ಮೇಲೆ ಅಕ್ಕರೆ ಎಲ್ಲಿಂದ ಬರುತ್ತದೆ? 1983ರಲ್ಲಿ ಬ್ಯಾರಿ ಕೆವರ್ನ್ ಮತ್ತು ಸಂಗಡಿಗರು ಇದನ್ನು ಪರೀಕ್ಷೆ ಮಾಡಿ ತೋರಿಸಿದರು. ಮರಿ ಹೊರಬರುವಾಗ ಹೆರಿಗೆಯ ದಾರಿಯ ಮೇಲೆ ಬೀಳುವ ಒತ್ತಡವೇ ಕುರಿಯ ಮಿದುಳಿಗೆ ಸುದ್ದಿ ಮುಟ್ಟಿಸುತ್ತದೆ. ಆಗ ಮಿದುಳಿನಲ್ಲಿ ಆಕ್ಸಿಟೋಸಿನ್ ಅನ್ನುವ ರಸ ಬಿಡುಗಡೆ ಆಗುತ್ತದೆ. ಕುರಿ ಮರಿಯನ್ನು ನೆಕ್ಕುತ್ತದೆ, ಒಂದೆರಡು ಗಂಟೆಯೊಳಗೆ ಅದರ ವಾಸನೆ ಕಲಿಯುತ್ತದೆ. ಆಮೇಲೆ ಬೇರೆ ಮರಿ ಬಂದರೆ ಗುದ್ದಿ ಓಡಿಸುತ್ತದೆ. ಚೊಚ್ಚಲು ಕುರಿಗಳಲ್ಲಿ ಇದು ತಪ್ಪುವುದು ಜಾಸ್ತಿ. ಗಬ್ಬವಿದ್ದಾಗ ಹೊಟ್ಟೆ ತುಂಬ ಮೇವು ಸಿಗದ ಕುರಿಗೂ ಮರಿಗೂ ನಂಟು ಬೆಳೆಯುವುದು ಕಷ್ಟ ಎಂದು ಮುಂದಿನ ಸಂಶೋಧನೆಗಳು ತೋರಿಸಿವೆ.

ಹಾಲು ಕರೆಯುವವರಿಗೆ ಆಕ್ಸಿಟೋಸಿನ್ ಹೆಸರು ಹೊಸದಲ್ಲ. ಹಸು ಹಾಲು ಬಿಡಲಿ ಎಂದು ಕದ್ದುಮುಚ್ಚಿ ಹಾಕುವ ಇಂಜೆಕ್ಷನ್ ಅದೇ. ಹಾಗಂತ ಬಾಣಂತಿಗೆ ಅದೇ ಸೂಜಿ ಚುಚ್ಚಿದರೆ ಅಕ್ಕರೆ ಬರುತ್ತದೆ ಅಂದುಕೊಳ್ಳಬೇಡಿ. ಕುರಿಗಳ ಪರೀಕ್ಷೆಯಲ್ಲಿ ಅದನ್ನು ನೇರವಾಗಿ ಮಿದುಳಿಗೇ ಕೊಟ್ಟಿದ್ದರು. ನಮಗೆ ಇಲ್ಲಿ ಬೇಕಾದ ಅಂಶ ಒಂದೇ: ತಾಯಿಯ ಅಕ್ಕರೆ ಗುಣದಿಂದ ಮಾತ್ರ ಬರುವುದಿಲ್ಲ. ಅದಕ್ಕೆ ದೇಹ ಕೆಲಸ ಮಾಡಬೇಕು, ದೇಹ ಕೆಲವೊಮ್ಮೆ ಕೈಕೊಡುತ್ತದೆ.

ಇಲಿಗಳ ಕಥೆ ಇನ್ನೂ ಹತ್ತಿರದ್ದು. ಬಸುರಿನಲ್ಲಿ ಹೆಣ್ಣಿನ ಮೈಯಲ್ಲಿ ಅಲೋಪ್ರೆಗ್ನಾನೊಲೋನ್ ಎಂಬ ರಸ ಏರಿರುತ್ತದೆ. ಅದು ಮಿದುಳಿನ ಆತಂಕಕ್ಕೆ ಬ್ರೇಕ್ ಇದ್ದ ಹಾಗೆ. ಹೆರಿಗೆಯಾದ ಕೂಡಲೇ ಅದು ದಢಕ್ಕನೆ ಇಳಿಯುತ್ತದೆ. ಈ ಏರಿಳಿತಕ್ಕೆ ಹೊಂದಿಕೊಳ್ಳುವ ಒಂದು ಭಾಗವೇ ಇಲ್ಲದ ಚಿಕ್ಕ ಇಲಿಗಳನ್ನು ಜೇಮೀ ಮ್ಯಾಗ್ವೈರ್ ಮತ್ತು ಇಸ್ಟ್ವಾನ್ ಮೋಡಿ 2008ರಲ್ಲಿ ಪರೀಕ್ಷಿಸಿದರು. ಹೆತ್ತ ಮೇಲೆ ಅವು ಮಂಕಾದವು, ಮರಿಗಳನ್ನು ಕಡೆಗಣಿಸಿದವು, ಎಷ್ಟೋ ಮರಿಗಳು ಸತ್ತವು. ಆ ಬ್ರೇಕಿಗೆ ಸಹಾಯ ಮಾಡುವ ಔಷಧ ಕೊಟ್ಟಾಗ ಅವೇ ತಾಯಿಗಳು ಮರಿಗಳನ್ನು ನೋಡಿಕೊಂಡವು. ಇದೇ ರಸಕ್ಕೆ ಸಂಬಂಧಪಟ್ಟ ಔಷಧಕ್ಕೆ 2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಬಾಣಂತಿಯರ ಖಿನ್ನತೆಗೆಂದೇ ಒಪ್ಪಿಗೆ ಪಡೆದ ಮೊದಲ ಔಷಧ ಅದು. 2023ರಲ್ಲಿ 14 ದಿನ ನುಂಗುವ ಮಾತ್ರೆಯೂ ಬಂತು.

ಇದು ದೂರದ ದೇಶದ ಮಾತು ಅನ್ನಿಸಬಹುದು. ನಮ್ಮ ಮನೆಯೊಳಗೇ ಆದದ್ದನ್ನು ಹೇಳುತ್ತೇವೆ. ಬರಿ ಅಂದವಳು ತಂಗಿಯೇ.

ಎರಡನೇ ಬಾಣಂತನಕ್ಕೆ ತವರಿಗೆ ಬಂದವಳು ಒಂಬತ್ತನೇ ದಿನ, "ಇದು ನನ್ನ ಮಗು ಅಂತ ಅನ್ನಿಸ್ತಾನೇ ಇಲ್ಲ ಕಣಣ್ಣ" ಅಂದಳು. ಮೊದಲನೆಯ ಮಗುವನ್ನು ನೆಲಕ್ಕೇ ಬಿಡದಿದ್ದವಳು ಅವಳು. ಈ ಸಲ ಎದೆಗೆ ಹಾಕಿಕೊಂಡಾಗಲೂ ಕಣ್ಣು ಇನ್ನೆಲ್ಲೋ ಇರುತ್ತಿತ್ತು. ಮಗು ಮಲಗಿದರೂ ಇವಳಿಗೆ ನಿದ್ದೆ ಇಲ್ಲ. ಎರಡನೆಯದೂ ಹೆಣ್ಣು ಎಂದು ನೋಡಲು ಬಂದವರೆಲ್ಲ ಲೊಚಗುಟ್ಟಿ ಹೋಗುತ್ತಿದ್ದರು. ಕುರಿ ಸಾಕುವ ನಮ್ಮ ದೊಡ್ಡಪ್ಪ ಬಂದವರು ಒಂದು ಗಳಿಗೆ ನೋಡಿ, "ಬೈಬ್ಯಾಡಿ ಕಣ್ರವ್ವ. ಮೊದ್ಲು ಮಲಗಕ್ಕೆ ಬಿಡಿ" ಅಂದರು. ಅವತ್ತಿನಿಂದ ರಾತ್ರಿ ಮಗುವನ್ನು ಅಮ್ಮ ನೋಡಿಕೊಂಡರು. 14ನೇ ದಿನ ಮನೆಗೆ ಬಂದ ಆಶಾ ಕಾರ್ಯಕರ್ತೆ ಮಗುವಿನ ತೂಕ ನೋಡಿ ಎದ್ದು ಹೋಗಲಿಲ್ಲ. "ನೀನು ಹೇಗಿದ್ದೀಯವ್ವ?" ಅಂದರು. ತಂಗಿ ಗೊಳೋ ಎಂದು ಅತ್ತಳು. ಮನೋವೈದ್ಯರ ಹತ್ತಿರ ಹೋದೆವು. ಹಾಲುಣಿಸುವಾಗಲೂ ತೆಗೆದುಕೊಳ್ಳಬಹುದಾದ ಮಾತ್ರೆ ಕೊಟ್ಟರು. ಪೂರ್ತಿ ಸರಿಹೋಗಲು ನಾಲ್ಕು ತಿಂಗಳಾಯಿತು.

ಇಲಿಗೆ ಅತ್ತೆ ಇಲ್ಲ. "ಮತ್ತೆ ಹೆಣ್ಣಾ?" ಎಂದು ಯಾರೂ ಅದನ್ನು ಕೇಳುವುದಿಲ್ಲ. ಪ್ರಾಣಿಗಳ ಮೇಲಿನ ಸಂಶೋಧನೆಗೆ ಇರುವ ಮಿತಿ ಇದು. ಗೋವಾದಲ್ಲಿ ವಿಕ್ರಂ ಪಟೇಲ್ ತಂಡ ತಾಯಂದಿರನ್ನೇ ಮಾತಾಡಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆರಿಗೆಯಾಗಿ ಆರರಿಂದ ಎಂಟು ವಾರದ ತಾಯಂದಿರಲ್ಲಿ ಶೇ. 23ರಷ್ಟು ಮಂದಿಗೆ ಖಿನ್ನತೆ ಇತ್ತು. ಬಡತನ, ಗಂಡನ ಹೊಡೆತ, ಹೆಣ್ಣು ಮಗು ಹುಟ್ಟಿದ್ದು ಇವೆಲ್ಲ ಅದರ ಜೊತೆ ತಳುಕು ಹಾಕಿಕೊಂಡಿದ್ದವು. ಭಾರತದ 38 ಅಧ್ಯಯನಗಳನ್ನು ಒಟ್ಟು ಮಾಡಿ 2017ರಲ್ಲಿ ಪ್ರಕಟಿಸಿದ ಲೆಕ್ಕವೂ ಶೇ. 22 ಅನ್ನುತ್ತದೆ. ಆಲೆಮನೆಯಲ್ಲಿ ಭ್ರೂಣಲಿಂಗ ಪತ್ತೆ ಮಾಡುತ್ತಿದ್ದ ಜಾಲ 2023ರಲ್ಲಿ ಬಯಲಾಗಿದ್ದು ನಮ್ಮ ಜಿಲ್ಲೆಯಲ್ಲೇ. ಇಲ್ಲಿ ಹೆಣ್ಣು ಹೆತ್ತವಳ ತಲೆಯ ಮೇಲೆ ಎಂಥ ಭಾರ ಇರುತ್ತದೆ ಎಂದು ಬೇರೆ ಹೇಳಬೇಕಿಲ್ಲ.

ಬಡತನದ ಬಗ್ಗೆ ಮಾತ್ರ ಇಲಿಗಳೂ ಒಂದು ಸಾಕ್ಷಿ ಹೇಳುತ್ತವೆ. ಅಮೆರಿಕದ ಟ್ಯಾಲಿ ಬರಾಮ್ ಅವರ ಪ್ರಯೋಗಾಲಯದಲ್ಲಿ ತಾಯಿ ಇಲಿಗೆ ಗೂಡು ಕಟ್ಟುವ ಸಾಮಾನು ಕಡಿಮೆ ಕೊಟ್ಟರು. ಅದು ನೆಮ್ಮದಿಯಾಗಿ ಕೂತು ಮೊಲೆಯೂಡಿಸಲಿಲ್ಲ. ಗಳಿಗೆಗೊಮ್ಮೆ ಎದ್ದು ಹೋಯಿತು, ಬಂತು. ಕಬ್ಬು ಕಡಿಯಲು ಬಂದು ಗದ್ದೆ ಬದಿಯ ಗುಡಿಸಲಲ್ಲಿ ಹಸುಗೂಸು ಮಲಗಿಸಿ ಕೆಲಸಕ್ಕೆ ಓಡುವ ತಾಯಂದಿರನ್ನು ನೋಡಿದಾಗಲೆಲ್ಲ ನಮಗೆ ಈ ಇಲಿ ನೆನಪಾಗುತ್ತದೆ.

ಧೈರ್ಯ ಕೊಡುವ ಸಂಗತಿಯೂ ಇದೆ. ಕುರಿಗೆ ಇರುವ ಒಂದೆರಡು ಗಂಟೆಯ ಗಡುವು ಮನುಷ್ಯರಿಗಿಲ್ಲ. ವಾರ ತಡವಾಗಲಿ, ತಿಂಗಳು ತಡವಾಗಲಿ, ತಾಯಿ ಮಗುವಿನ ನಂಟು ಬೆಳೆಯುತ್ತದೆ. ಇನ್ನೊಂದು: ಕೆನಡಾದ ಮೈಕೆಲ್ ಮೀನಿ ತಂಡ, ಕಡಿಮೆ ನೆಕ್ಕುವ ಇಲಿಯ ಮರಿಗಳನ್ನು ಚೆನ್ನಾಗಿ ನೆಕ್ಕುವ ಬೇರೆ ತಾಯಿಯ ಹತ್ತಿರ ಬಿಟ್ಟು ನೋಡಿತು. ಅವು ದೊಡ್ಡವಾದ ಮೇಲೆ ಅಷ್ಟಾಗಿ ಹೆದರಲಿಲ್ಲ. ಅಂದರೆ ತಾಯಿ ಸುಧಾರಿಸಿಕೊಳ್ಳುವ ತನಕ ಅಜ್ಜಿ, ಅಪ್ಪ, ಚಿಕ್ಕಮ್ಮ ಯಾರು ಎತ್ತಿ ಆಡಿಸಿದರೂ ಅದು ಮಗುವಿಗೆ ಸಲ್ಲುತ್ತದೆ. ಅಪ್ಪಂದಿರು ಇದನ್ನು ಎರಡು ಸಲ ಓದಿ.

ಇನ್ನು ಗಮನಿಸಬೇಕಾದ್ದು. ಹೆರಿಗೆಯಾದ ಮೊದಲ ದಿನಗಳಲ್ಲಿ ಅಳು, ಸಿಡುಕು ಬಹಳ ಜನರಿಗೆ ಬರುತ್ತದೆ, ಹೋಗುತ್ತದೆ. ಎರಡು ವಾರ ಕಳೆದರೂ ಮಂಕು, ನಿದ್ದೆಗೇಡು, ಮಗುವಿನ ಮೇಲೆ ಮನಸ್ಸಿಲ್ಲದಿರುವುದು ಉಳಿದರೆ ಅದು ಕಾಯಿಲೆ, ವೈದ್ಯರಿಗೆ ತೋರಿಸಿ. ಬದುಕು ಬೇಡ ಅಂದರೆ, ಇಲ್ಲದ ದನಿ ಕೇಳುತ್ತದೆ ಅಂದರೆ, ಮನೆಯವರ ಮೇಲೆ ವಿಪರೀತ ಅನುಮಾನ ಬಂದರೆ, ಮಗುವಿಗೆ ಏನಾದರೂ ಮಾಡಿಬಿಡುತ್ತೇನೆ ಅಂದರೆ ಒಂದು ದಿನವೂ ಕಾಯಬೇಡಿ. ಹಳಬರು ಬಾಣಂತಿ ಸನ್ನಿ ಅನ್ನುವುದು ಇಂಥದ್ದನ್ನೇ. ತಾಯಿ, ಮಗು ಇಬ್ಬರನ್ನೇ ಬಿಡದೆ ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ. ಇಂಥ ತಾಯಿಯನ್ನು ಮಗುವಿನ ಜೊತೆಗೇ ದಾಖಲು ಮಾಡಿಕೊಳ್ಳುವ ವಾರ್ಡ್ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ಇದೆ.

ಫೋನಿನಲ್ಲಿ ಕೇಳಬೇಕಿದ್ದರೆ ಟೆಲಿ ಮಾನಸ್, 14416. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ, ರಾತ್ರಿಯೂ ಎತ್ತುತ್ತಾರೆ. ಮುಂದಿನ ಸಲ ಬಾಣಂತಿಯನ್ನು ನೋಡಲು ಹೋದಾಗ ಮಗು ಯಾರ ಹಾಗಿದೆ ಎಂದು ಕೇಳುವ ಮೊದಲು, ರಾತ್ರಿ ನಿದ್ದೆ ಬಂತಾ ಎಂದು ಅವಳನ್ನು ಕೇಳಿ.