ಅತ್ತೆಯವರ ಪಾಠದ ಊರುಗಳು

ಸೂಟ್‌ಕೇಸಿಗೆ ಖಡಕ್ ರೊಟ್ಟಿ ತುಂಬುತ್ತಿದ್ದಾಗ ಹುಬ್ಬಳ್ಳಿಯಿಂದ ದೊಡ್ಡ ನಾದಿನಿಯ ಫೋನು ಬಂತು. “ಅವ್ವಗೆ ಬೆಳಿಗ್ಗೆ ತಿಂದದ್ದು ಮಧ್ಯಾಹ್ನ ನೆನಪಿರಂಗಿಲ್ಲ. ಆಕಿಗೆ ರೋಮ್ ತೋರಿಸಿದರೇನು, ಕಮಲಾಪುರ ತೋರಿಸಿದರೇನು? ಲಕ್ಷಗಟ್ಟಲೆ ಯಾಕ ಸುರೀತೀರಿ?”

ನಾನು “ನಿಮ್ಮ ತಮ್ಮನ್ನೇ ಕೇಳಿ ಅಕ್ಕಾ” ಎಂದು ಫೋನು ಕೊಟ್ಟು ಒಳಗೆ ಹೋದೆ. ನಿಮ್ಮ ಹತ್ತಿರ ಮುಚ್ಚಿಡುವುದೇನು? ನನ್ನ ಮನಸ್ಸಿನಲ್ಲಿದ್ದದ್ದೂ ಅದೇ ಮಾತು. ಮದುವೆಯಾಗಿ ಇಪ್ಪತ್ತಮೂರು ವರ್ಷ. ಚೀಟಿ ಹಾಕಿ, ಹಬ್ಬದ ಸೀರೆ ಬೇಡವೆಂದು ಕೂಡಿಟ್ಟು ಹೊರಟ ಮೊದಲ ವಿದೇಶ ಪ್ರವಾಸ. ನಾವಿಬ್ಬರು, ಮಗಳು, ಮೂವರೇ ಆರಾಮಾಗಿ ಹೋಗಿಬರೋಣವೆಂದಿದ್ದೆ. ಎಪ್ಪತ್ತನಾಲ್ಕು ವರ್ಷದ ಅತ್ತೆಯವರನ್ನು, ಅದೂ ಮರೆವಿನ ಕಾಯಿಲೆ ಶುರುವಾದವರನ್ನು, ಕೈಹಿಡಿದು ನಡೆಸುವ ಕೆಲಸ ಕೊನೆಗೆ ಯಾರ ಪಾಲಿಗೆ ಬರುತ್ತದೆ ಎಂದು ಸೊಸೆಯಂದಿರಾದ ನಿಮಗೆ ಬೇರೆ ಹೇಳಬೇಕೆ!

ಆದರೆ ನಮ್ಮ ಮನೆಯವರದು ಒಂದೇ ಹಟ. “ಅವ್ವ ಮೂವತ್ತನಾಲ್ಕು ವರ್ಷ ಆ ಊರುಗಳ ಪಾಠ ಮಾಡ್ಯಾಳ. ಒಂದನ್ನೂ ಕಣ್ಣಿಂದ ನೋಡಿಲ್ಲ. ಇನ್ನೆರಡು ವರ್ಷ ಬಿಟ್ಟರೆ ಆಗೋದಿಲ್ಲ.”

ಅತ್ತೆಯವರು ಹೊಸಪೇಟೆಯ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಚರಿತ್ರೆಯ ಟೀಚರಾಗಿದ್ದವರು. 1973ರಲ್ಲಿ ಸೇರಿ 2007ರಲ್ಲಿ ನಿವೃತ್ತರಾದರು. ವರ್ಷಕ್ಕೊಮ್ಮೆ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿಕೊಂಡು ಹಂಪಿಗೆ ಹೋಗುವುದು ಬಿಟ್ಟರೆ ಅವರು ಕಂಡ ಚರಿತ್ರೆಯೆಲ್ಲ ಪುಸ್ತಕದ್ದೇ.

2023ರ ಸೆಪ್ಟೆಂಬರಿನಲ್ಲಿ ಹೊರಟೆವು. ರೋಮ್, ಫ್ಲಾರೆನ್ಸ್, ವೆನಿಸ್, ಕೊನೆಗೆ ವಿಯೆನ್ನಾ. ಒಟ್ಟು ಹನ್ನೆರಡು ದಿನ. ಹೋಗುವವರಿಗೆ ಒಂದೆರಡು ಮಾತು ಇಲ್ಲೇ ಹೇಳಿಬಿಡುತ್ತೇನೆ. ರೊಟ್ಟಿ, ಶೇಂಗಾ ಚಟ್ನಿಪುಡಿ, ಹುರಿದ ಅವಲಕ್ಕಿ ಧಾರಾಳವಾಗಿ ಒಯ್ಯಿರಿ. ತುಪ್ಪ, ಪೇಡ ಮಾತ್ರ ಬೇಡ, ಹಾಲಿನ ಪದಾರ್ಥಗಳನ್ನು ಅಲ್ಲಿ ಒಳಗೆ ಬಿಡುವುದಿಲ್ಲ. ಬೀದಿಗಳೆಲ್ಲ ಕಲ್ಲುಹಾಸು, ಸೀರೆಯ ಕೆಳಗೆ ಕ್ಯಾನ್ವಾಸ್ ಶೂ ಹಾಕಲು ನಾಚಿಕೆ ಪಡಬೇಡಿ. ಮತ್ತೊಂದು, ಮನೆಯಲ್ಲಿ ಅತ್ತೆಯವರಂಥ ಹಿರಿಯರಿದ್ದರೆ, ಅವರ ಸ್ವೆಟರಿನ ಒಳಮಗ್ಗುಲಿಗೆ ಫೋನ್ ನಂಬರ್ ಬರೆದ ಬಟ್ಟೆಪಟ್ಟಿಯೊಂದನ್ನು ಹೊಲಿಯಿರಿ. ನನ್ನ ಮಗಳು ಪಟ್ಟಿಯ ಮೇಲೆ ಇಟಾಲಿಯನ್ ಭಾಷೆಯಲ್ಲೇ “ದಯವಿಟ್ಟು ಈ ನಂಬರಿಗೆ ಫೋನು ಮಾಡಿ” ಎಂದು ಬರೆದಿದ್ದಳು. ಅದು ಎಷ್ಟು ಉಪಯೋಗಕ್ಕೆ ಬಂತೆಂದು ಮುಂದೆ ಹೇಳುತ್ತೇನೆ.

ರೋಮಿನಲ್ಲಿ ಮೂರು ದಿನ ಬಿಸಿಲೋ ಬಿಸಿಲು. ಕುಡಿಯುವ ನೀರಿಗೆ ಕಾಸು ಕೊಡಬೇಕಾಗಿಲ್ಲ. ಬೀದಿ ಬೀದಿಗೂ ಕಬ್ಬಿಣದ ನಲ್ಲಿ, ಹಗಲೂ ರಾತ್ರಿ ತಣ್ಣಗೆ ಹರಿಯುತ್ತಿರುತ್ತದೆ. ಅಂಥವು ಎರಡು ಸಾವಿರಕ್ಕೂ ಹೆಚ್ಚಿವೆಯಂತೆ. ಬಾಗಿದ ಕೊಳವೆ ನೋಡಿ ಜನ ಅದಕ್ಕೆ ‘ದೊಡ್ಡ ಮೂಗು’ ಎಂದು ಹೆಸರಿಟ್ಟಿದ್ದಾರೆ. ಕೊಲೋಸಿಯಮ್ಮಿನಲ್ಲಿ ಅತ್ತೆಯವರು ಏನೂ ಮಾತಾಡಲಿಲ್ಲ. “ಇದು ಯಾವ ಸ್ಟೇಡಿಯಂ?” ಎಂದು ಎರಡು ಸಲ ಕೇಳಿದರು. ನಮ್ಮ ಮನೆಯವರ ಮುಖ ಸಪ್ಪಗಾಯಿತು. ನಾದಿನಿಯ ಮಾತೇ ನಿಜವೇನೋ ಎಂದು ಇಬ್ಬರಿಗೂ ಅನ್ನಿಸಿತು, ಬಾಯಿಬಿಟ್ಟು ಆಡಲಿಲ್ಲ ಅಷ್ಟೆ.

ಮಾರನೆಯ ದಿನ ಪ್ಯಾಂಥಿಯನ್. ಹೇಡ್ರಿಯನ್ ಚಕ್ರವರ್ತಿಯ ಕಾಲದ ಗುಡಿ, ಈಗ ಚರ್ಚು. 2023ರ ಜುಲೈನಲ್ಲಿ ಒಳಗೆ ಹೋಗಲು 5 ಯೂರೋ ಟಿಕೆಟ್ ಶುರು ಮಾಡಿದ್ದರು. ಗುಮ್ಮಟದ ಅಡ್ಡಳತೆ 43 ಮೀಟರಿಗೂ ಹೆಚ್ಚು, ನೆಲದಿಂದ ಎತ್ತರವೂ ಅಷ್ಟೇ. ನೆತ್ತಿಯಲ್ಲಿ ದುಂಡನೆಯ ಕಿಂಡಿ, ಮುಚ್ಚಳವಿಲ್ಲ. ಮಳೆ ಬಂದರೆ ನೀರು ನೇರ ಒಳಗೇ ಬೀಳುತ್ತದೆ, ನೆಲದ ಸಣ್ಣ ತೂತುಗಳಲ್ಲಿ ಇಂಗುತ್ತದೆ. ಅತ್ತೆಯವರು ತಲೆಯೆತ್ತಿ ಬಹಳ ಹೊತ್ತು ನೋಡಿದರು. “ನಮ್ಮ ಹಳೇ ಮನೀ ಬೆಳಕಿಂಡಿ ಇದ್ದಂಗ ಐತಿ” ಎಂದರು. ಅಷ್ಟಕ್ಕೇ ನಮಗೆ ಹಬ್ಬವಾಯಿತು.

ಫ್ಲಾರೆನ್ಸಿನಲ್ಲಿ ನಡೆದದ್ದೇ ಬೇರೆ.

ಇಕ್ಕಟ್ಟು ಬೀದಿಯಲ್ಲಿ ನಡೆಯುತ್ತಾ ತಿರುವು ದಾಟಿದೊಡನೆ ಆ ದೊಡ್ಡ ಚರ್ಚಿನ ಕೆಂಪು ಗುಮ್ಮಟ ಕಣ್ಣಿಗೆ ಅಡ್ಡಬಂದಂತೆ ನಿಲ್ಲುತ್ತದೆ. ಅತ್ತೆಯವರು ಗಕ್ಕನೆ ನಿಂತರು. ಕೈಯಲ್ಲಿದ್ದ ಚೀಲವನ್ನು ನನಗೆ ಕೊಟ್ಟರು, ಸೆರಗು ಸರಿಮಾಡಿಕೊಂಡರು. “ಬ್ರುನೆಲೆಸ್ಕಿ” ಎಂದರು. “1420ರಾಗ ಶುರು. ಅಷ್ಟು ಅಗಲದ ಗುಮ್ಮಟಕ್ಕ ಕೆಳಗಿಂದ ಮರದ ಆಸರೆ ಕೊಡಾಕ ಆಗೂದಿಲ್ಲ ಅಂತ ಎಲ್ಲಾರೂ ಕೈಚೆಲ್ಲಿದ್ರು. ಆತ ಆಸರೆ ಇಲ್ಲದ ಕಟ್ಟಿದ. ಒಂದರೊಳಗೊಂದು ಎರಡು ಗುಮ್ಮಟ. ಇಟ್ಟಿಗೀನ ಒಂದು ಸಾಲು ಮಲಗಿಸಿ, ನಡುನಡುವ ಒಂದು ನಿಲ್ಲಿಸಿ, ಜಾರದಂಗ ಹೆಣೆದ. ಹಿಂದಿನ ಬೆಂಚು, ಕೇಳಸ್ತೈತೇನು?”

ಹಿಂದಿನ ಬೆಂಚಿನಲ್ಲಿ ಇದ್ದವರು ನಮ್ಮ ಮನೆಯವರು. “ಕೇಳಸ್ತೈತಿ ಟೀಚರ್” ಎಂದರು. ಧ್ವನಿ ಗದ್ಗದವಾಗಿತ್ತು.

ಅಷ್ಟರಲ್ಲಿ ಅತ್ತೆಯವರ ಹುಬ್ಬು ಗಂಟಾಯಿತು. “ಮುಗಿದದ್ದು 1436.” ಬೆರಳು ಮಡಿಸಿ ಲೆಕ್ಕ ಹಾಕಿದರು. “ಕಾನ್‌ಸ್ಟಾಂಟಿನೋಪಲ್ ತುರ್ಕರ ಕೈಗೆ ಬಿದ್ದದ್ದು 1453. ಅಲ್ಲಿಂದ ಓಡಿಬಂದ ಪಂಡಿತರಿಂದ ಪುನರುಜ್ಜೀವನ ಶುರುವಾಯ್ತು ಅಂತ ನೋಟ್ಸ್ ಬರೆಸ್ತಿದ್ದೆ. ಹದಿನೇಳು ವರ್ಷ ಮೊದಲೇ ಇದು ಎದ್ದು ನಿಂತೈತಲ್ಲ! ಎಷ್ಟು ಹುಡುಗೇರಿಗೆ ತಪ್ಪು ಹೇಳಿದೆ ನಾನು…”

ಮಗಳು “ಅಜ್ಜಿ, ಪುಸ್ತಕದಲ್ಲೇ ಹಾಗಿತ್ತು, ನಿನ್ನ ತಪ್ಪಲ್ಲ” ಎಂದು ಸಮಾಧಾನ ಮಾಡಿದಳು. ನಾನೂ ಅದೇ ಉತ್ತರ ಬರೆದು ಮಾರ್ಕು ತೆಗೆದವಳೇ! ಅಂದು ಬೆಳಿಗ್ಗೆ ಮಾತ್ರೆ ನುಂಗಿದ್ದು ನೆನಪಿಲ್ಲದೆ ಮತ್ತೆ ಕೇಳಿದ್ದವರು ಇವರೇನಾ ಎಂದು ಬೆರಗಾಗಿ ನೋಡುತ್ತಾ ನಿಂತೆ. ಆಮೇಲೆ ಅಪ್ಪ, ಮಗಳು 463 ಮೆಟ್ಟಿಲು ಹತ್ತಿ ಗುಮ್ಮಟದ ಮೇಲೆ ಹೋಗಿಬಂದರು. ಕೆಳಗೆ ಕಟ್ಟೆಯ ಮೇಲೆ ಕೂತು ನಾವಿಬ್ಬರೂ ರೊಟ್ಟಿ ಮುರಿದು ತಿಂದೆವು.

ಆ ಖುಷಿ ಸಂಜೆಯವರೆಗೆ ಉಳಿಯಲಿಲ್ಲ.

ಆರ್ನೊ ನದಿಗೆ ಅಡ್ಡಲಾಗಿ 1345ರಲ್ಲಿ ಕಟ್ಟಿದ ಹಳೇ ಸೇತುವೆಯಿದೆ. 1944ರಲ್ಲಿ ಜರ್ಮನ್ ಸೈನ್ಯ ಹಿಂದೆ ಸರಿಯುವಾಗ ಊರಿನ ಉಳಿದ ಸೇತುವೆಗಳನ್ನೆಲ್ಲ ಸಿಡಿಸಿ ಇದೊಂದನ್ನು ಬಿಟ್ಟಿತು. ಸೇತುವೆಯ ಮೇಲೇ ಎರಡೂ ಕಡೆ ಅಂಗಡಿಸಾಲು. ಮೊದಲು ಕಸಾಯಿಯವರದ್ದಿತ್ತಂತೆ, ವಾಸನೆ ತಡೆಯಲಾರದೆ 1593ರಲ್ಲಿ ಅಲ್ಲಿನ ದೊರೆ ಅವರನ್ನು ಎಬ್ಬಿಸಿ ಅಕ್ಕಸಾಲಿಗರನ್ನು ಕೂರಿಸಿದ. ಇಂದಿಗೂ ಬರೀ ಚಿನ್ನ! ಹೆಂಗಸಿನ ಬುದ್ಧಿ ಎಂದು ನಗಬೇಡಿ, ಒಂದು ಗಾಜಿನ ಹಿಂದೆ ಮುತ್ತಿನ ಜುಮಕಿ ಕಂಡಿತು. ಥೇಟ್ ನನ್ನ ಅಮ್ಮನ ಜುಮಕಿ. ಬೆಲೆ ಓದಲೆಂದು ಬಗ್ಗಿದೆ. ಅದಕ್ಕಾಗಿ ಅತ್ತೆಯವರ ಕೈ ಬಿಟ್ಟಿದ್ದೆ.

ತಿರುಗಿ ನೋಡಿದರೆ ಇಲ್ಲ.

ಮನೆಯವರೂ ಮಗಳೂ ಐಸ್‌ಕ್ರೀಮ್ ಸಾಲಿನಲ್ಲಿದ್ದರು. ಆ ಜನಜಂಗುಳಿಯಲ್ಲಿ ಮೂರು ದಿಕ್ಕಿಗೆ ಓಡಿದೆವು. ಹಸಿರು ಇಳಕಲ್ ಸೀರೆ, ಕಂದು ಸ್ವೆಟರು ಎಂದು ಯಾರಿಗೆ, ಯಾವ ಭಾಷೆಯಲ್ಲಿ ಹೇಳಲಿ? ಕೆಳಗೆ ನದಿ. ಗೋಡೆಯ ಮೇಲಿನಿಂದ ಬಗ್ಗಿ ನೀರನ್ನೂ ನೋಡಿದೆ, ಅದನ್ನು ಈಗ ನೆನೆದರೂ ಕೈ ತಣ್ಣಗಾಗುತ್ತದೆ. ಬೇಡವೆಂದುಕೊಂಡಿದ್ದೆನಲ್ಲ ಇವರನ್ನು, ಬೇಡವೆಂದು ಮನಸ್ಸಿನಲ್ಲಿ ಎಷ್ಟು ಸಲ ಅಂದುಕೊಂಡಿದ್ದೆ!

ನಲವತ್ತು ನಿಮಿಷದ ಮೇಲೆ ಫೋನು ಬಂತು. ನದಿಯ ಆಚೆ ದಂಡೆಯ ಬೀದಿಯಲ್ಲಿ ಚರ್ಮದ ಚೀಲದ ಅಂಗಡಿ. ಅಂಗಡಿಯಾಕೆ ಅತ್ತೆಯವರನ್ನು ಸ್ಟೂಲಿನ ಮೇಲೆ ಕೂರಿಸಿ, ಗ್ಲಾಸಿನಲ್ಲಿ ನೀರು ಕೊಟ್ಟು, ಸ್ವೆಟರಿನ ಪಟ್ಟಿ ಓದಿ ನಂಬರು ಒತ್ತಿದ್ದಳು. ಏದುಸಿರು ಬಿಡುತ್ತಾ ಹೋದ ನನ್ನನ್ನು ಕಂಡು ಅತ್ತೆಯವರು ಗದರಿದರು. “ಎಲ್ಲಿ ಹೋಗಿದ್ದಿ ನೀನು? ಸಾಲು ಬಿಟ್ಟು ಹೋಗಬಾರದು ಅಂತ ಬಸ್ ಇಳಿಯುವಾಗಲೇ ಹೇಳಿದ್ದಿಲ್ಲೇನು?” ಕಳೆದುಹೋದವಳು ನಾನೇ ಆಗಿದ್ದೆ! ನಾನು “ತಪ್ಪಾಯ್ತು” ಎಂದೆ. ಅಂಗಡಿಯಾಕೆ ನಮ್ಮಿಬ್ಬರನ್ನೂ ನೋಡಿ ಕಣ್ಣೊರೆಸಿಕೊಂಡಳು. ಏನು ಕೊಡಹೋದರೂ ತೆಗೆದುಕೊಳ್ಳಲಿಲ್ಲ. ಕೊನೆಗೆ ಒಂದು ಪೊಟ್ಟಣ ಚಟ್ನಿಪುಡಿ ಕೊಟ್ಟುಬಂದೆ. ಅದನ್ನು ಏನು ಮಾಡಿಕೊಂಡಳೋ ಕಾಣೆ.

ಆ ರಾತ್ರಿ ಮನೆಯವರು “ನಾಳೆಯಿಂದ ಅವ್ವನ ಕೈ ನಾ ಹಿಡೀತೀನಿ” ಎಂದರು. ನಾನು ಒಪ್ಪಲಿಲ್ಲ.

ವೆನಿಸ್ ಎಂದರೆ ನೀರು, ದೋಣಿ, ನಾನೂರಕ್ಕೂ ಹೆಚ್ಚು ಸೇತುವೆ. ಅದರ ಫೋಟೋ ನೀವೆಲ್ಲ ನೋಡೇ ಇರುತ್ತೀರಿ. ಮೋಟಾರುಗಾಡಿಯ ಸದ್ದಿಲ್ಲದ ಊರು ಎಂಬುದು ಫೋಟೋದಲ್ಲಿ ತಿಳಿಯುವುದಿಲ್ಲ. ಎರಡನೆಯ ದಿನ ಡೋಜ್‌ಗಳ ಅರಮನೆಗೆ ಟಿಕೆಟ್ ತೆಗೆಸಿದ್ದೆವು, ಇಡೀ ಪ್ರವಾಸದಲ್ಲಿ ನಾನು ಆಸೆಪಟ್ಟು ಆರಿಸಿದ್ದು ಅದೊಂದೇ. ಬೆಳಿಗ್ಗೆ ಚಹಾ ಕುಡಿಯುತ್ತಾ ಅತ್ತೆಯವರು “ಕೊಂಟಿಯ ಊರು ಇಲ್ಲೇ ಎಲ್ಲೋ ಇರಬೇಕಲ್ಲ” ಎಂದರು.

ನಿಕೊಲೊ ಕೊಂಟಿ! ಎಸ್ಸೆಸ್ಸೆಲ್ಸಿ ಓದಿದ ಯಾರಿಗೆ ಗೊತ್ತಿಲ್ಲ? ಸುಮಾರು 1420ರಲ್ಲಿ ವಿಜಯನಗರಕ್ಕೆ ಬಂದ ಇಟಲಿಯ ಪ್ರವಾಸಿ. ಆತನ ಊರು ಕಿಯೋಜಾ, ಇದೇ ವೆನಿಸ್ಸಿನ ಹಿನ್ನೀರಿನ ದಕ್ಷಿಣದ ತುದಿ. ಬಸ್ಸಿನಲ್ಲಿ ಒಂದು ಗಂಟೆಯ ದಾರಿ ಎಂದು ಮಗಳು ಹುಡುಕಿ ಹೇಳಿದಳು. ಅಪ್ಪ, ಮಗಳನ್ನು ಅರಮನೆಗೆ ಕಳಿಸಿ ನಾವಿಬ್ಬರೇ ಬಸ್ಸು ಹತ್ತಿದೆವು. ಬೇಜಾರಾಗಲಿಲ್ಲವೆಂದರೆ ಸುಳ್ಳಾದೀತು.

ಕಿಯೋಜಾ ಮೀನುಗಾರರ ಊರು. ಇಳಿದೊಡನೆ ಕಾರವಾರದ ಬಂದರಿನ ವಾಸನೆ. ಪ್ರವಾಸಿಗರ ಗದ್ದಲವಿಲ್ಲ, ಕಾಲುವೆಯ ಪಕ್ಕ ಬಲೆ ಒಣಹಾಕಿದ್ದರು. ಬೀದಿಯ ತುದಿಯಲ್ಲಿ ಬಿಳಿಗಲ್ಲಿನ ಕಮಾನು ಸೇತುವೆ, ಅದರಾಚೆ ನೀರು. ಅಲ್ಲಿ ನಿಂತಾಗ ಗಾಳಿಗೆ ಸೆರಗು ಹಿಡಿಯುವುದೇ ಕಷ್ಟ. ಅತ್ತೆಯವರ ಪಾಠ ಶುರುವಾಯಿತು. ನಗರದ ಸುತ್ತಳತೆ ಅರವತ್ತು ಮೈಲಿ, ಆಯುಧ ಹಿಡಿಯಬಲ್ಲವರು ತೊಂಬತ್ತು ಸಾವಿರ ಎಂದು ಕೊಂಟಿ ಹೇಳಿದ್ದು. ಇಪ್ಪತ್ತೈದು ವರ್ಷ ಅಲೆದು ಹಿಂದಿರುಗಿದ್ದು. ದಾರಿಯಲ್ಲಿ ಜೀವಭಯಕ್ಕೆ ಧರ್ಮ ಬಿಟ್ಟಿದ್ದ ಪಾಪಕ್ಕೆ ಪೋಪ್ ನಾಲ್ಕನೆಯ ಯೂಜೀನಿಯಸ್ ಬಳಿ ಕ್ಷಮೆ ಬೇಡಿದ್ದು. ಫ್ಲಾರೆನ್ಸಿನ ಆ ಗುಮ್ಮಟದ ಚರ್ಚನ್ನು ಪ್ರತಿಷ್ಠೆ ಮಾಡಿದ್ದೂ ಅದೇ ಪೋಪ್. ಪೋಪರ ಕಾರ್ಯದರ್ಶಿ ಪೊಜ್ಜೊ ಇವನ ಕಥೆಯನ್ನು ಕೇಳಿ ಲ್ಯಾಟಿನ್ನಿನಲ್ಲಿ ಬರೆದಿಟ್ಟದ್ದು.

“ಹೆಂಡತಿ ಮಕ್ಕಳನ್ನೂ ಕರ್ಕೊಂಡು ಹೊರಟಿದ್ದ” ಎಂದರು. “ನಮ್ಮ ಕಡೆಯ ಹೆಣ್ಣೇ ಅಂತಾರ. ಈಜಿಪ್ಟಿನೊಳಗ ಪ್ಲೇಗು ಬಂದು ಆಕಿ, ಇಬ್ಬರು ಮಕ್ಕಳು ಹೋದರು. ಗಂಡನ ಊರು ಆಕಿ ನೋಡಲೇ ಇಲ್ಲ.”

“ಅವಳ ಹೆಸರೇನು?”

“ಯಾರೂ ಬರೀಲಿಲ್ಲ.” ಸ್ವಲ್ಪ ಹೊತ್ತು ನೀರು ನೋಡುತ್ತಾ ನಿಂತರು. ಆಮೇಲೆ ನನ್ನ ಕಡೆ ತಿರುಗಿ, ಬಹಳ ಮರ್ಯಾದೆಯಿಂದ, “ನೀನು ಯಾವ ಬ್ಯಾಚಿನಾಕಿ?” ಎಂದು ಕೇಳಿದರು.

ನನಗೆ ಗಂಟಲು ಕಟ್ಟಿತು. ನಾನು ಓದಿದ್ದು ತುಮಕೂರಿನಲ್ಲಿ. ಆದರೂ “ತೊಂಬತ್ತೆರಡು, ಟೀಚರ್” ಎಂದೆ. ಎಸ್ಸೆಸ್ಸೆಲ್ಸಿ ಮುಗಿಸಿದ ವರ್ಷವಂತೂ ಸುಳ್ಳಲ್ಲ.

“ಚರಿತ್ರೆಯೊಳಗ ಎಷ್ಟು?”

“ಅರವತ್ತೆರಡು.”

“ಕಡಿಮಿ ಆತು” ಎಂದು ನನ್ನ ಕೈ ಹಿಡಿದುಕೊಂಡರು. “ಹೆಸರು?” ಎಂದರು. ಹೇಳಿದೆ. ಬಸ್ಸಿಗೆ ಬರುವವರೆಗೂ ಹಾಜರಿ ಕೂಗಿದ ಹಾಗೆ ಅದನ್ನೇ ಎರಡು ಮೂರು ಸಲ ಅಂದುಕೊಂಡರು.

ವಿಯೆನ್ನಾದಲ್ಲಿ ಮಳೆ. ಅತ್ತೆಯವರಿಗೆ ನೆಗಡಿಯಾಗಿ ನಾನು ಹೋಟೆಲಿನಲ್ಲೇ ಮೆಣಸಿನ ಸಾರು ಕಾಯಿಸುತ್ತಾ ಕೂತೆ. ಷೋನ್‌ಬ್ರುನ್ ಅರಮನೆಯಲ್ಲಿ 1441 ಕೋಣೆಗಳಿವೆ ಎಂದು ಮಗಳು ಬಂದು ಹೇಳಿದಳು. ಕಸ ಗುಡಿಸುವವರು ಯಾರೋ ಎಂದುಕೊಂಡೆ.

ಊರಿಗೆ ಬಂದು ತಿಂಗಳಾದ ಮೇಲೆ ನಾದಿನಿಯ ಫೋನು. “ಖರೆ ಹೇಳು, ಅವ್ವಗ ಏನಾದರೂ ನೆನಪೈತೇನು?”

“ನೀವೇ ಕೇಳಿ ಅಕ್ಕಾ” ಎಂದು ಫೋನಿನ ಸ್ಪೀಕರ್ ಹಾಕಿ ಅತ್ತೆಯವರ ಮುಂದೆ ಹಿಡಿದೆ.

ರೋಮ್? ಇಲ್ಲ. ಫ್ಲಾರೆನ್ಸ್? ಅದು ಹತ್ತನೇ ಕ್ಲಾಸಿನ ಪಾಠ. ವಿಮಾನ ಹತ್ತಿದ್ದು? ತಾನು ಯಾವ ವಿಮಾನವನ್ನೂ ಹತ್ತಿಲ್ಲ ಎಂದು ನಕ್ಕರು. ಆಮೇಲೆ ತಡೆದು, “ಒಂದು ಬಿಳೀ ಸೇತುವೆ. ಗಾಳಿ ಬಹಳ. ಮೀನಿನ ವಾಸನಿ” ಎಂದರು. “ನನ್ನ ಹಳೇ ಸ್ಟೂಡೆಂಟ್ ಒಬ್ಬಾಕಿ ಕರ್ಕೊಂಡು ಹೋಗಿದ್ದಳು. ಛಲೋ ಹುಡುಗಿ. ಮಾರ್ಕ್ಸ್ ಮಾತ್ರ ಕಡಿಮಿ.”

“ಯಾರವ್ವಾ ಅದು?” ಎಂದು ಆ ಕಡೆಯಿಂದ ನಾದಿನಿ ಕೇಳಿದರು.

ಅತ್ತೆಯವರು ನನ್ನ ಮುಖ ನೋಡುತ್ತಾ ಹೆಸರು ಹುಡುಕುತ್ತಿದ್ದರು. ಒಲೆಯ ಮೇಲೆ ಹಾಲು ಉಕ್ಕುವ ಸದ್ದಾಯಿತು. ಫೋನು ಅವರ ಕೈಗೇ ಕೊಟ್ಟು ಒಳಗೆ ಓಡಿದೆ.